ಕಣ್ಣಿಗೆ ಮಾತ್ರ ಕನ್ನಡ

ಜನವರಿ ೬, ೨೦೦೮, ಭಾನುವಾರ

ದಪ್ಪ ಸ್ಕೆಚ್ ಪೆನ್ನಿನಲ್ಲಿ ಬರೆಯುತ್ತಿದ್ದೇನೆ. ಪುಟಕ್ಕೆ ಆರೇ ಸಾಲು ಹಿಡಿಯುತ್ತದೆ. ಹೀಗಾದರೆ ಈ ವರ್ಷದ ಡೈರಿ ಫೆಬ್ರವರಿಗೇ ಮುಗಿದೀತು.

ಬೆಳಿಗ್ಗೆ ಬಾಲ್ಕನಿಯಲ್ಲಿ ನಿಂತರೆ ಎದುರಿನ ಸೊಸೈಟಿಯ ಕಟ್ಟಡವೇ ಇಲ್ಲ. ವಿಮಲಾಳನ್ನು ಕೂಗಿ ಕರೆದೆ. ಕೈಯಲ್ಲಿ ಹಿಟ್ಟು ಮೆತ್ತಿಕೊಂಡೇ ಬಂದವಳು, "ಮಂಜು ರೀ, ನನಗೂ ಕಾಣ್ತಿಲ್ಲ" ಎಂದಳು. ಇಷ್ಟು ಸಮಾಧಾನ ನನಗೆ ಯಾವ ಔಷಧಿಯಿಂದಲೂ ಆಗಿಲ್ಲ. ದಿಲ್ಲಿಯ ಈ ದ್ವಾರಕಾ ಬಡಾವಣೆಯ ಮಂಜನ್ನು ಮೊದಲ ಸಲ ಬೈಯದೆ ನೋಡಿದೆ.

ಡಾಕ್ಟರು ಮೊನ್ನೆ ಹೇಳಿದ್ದನ್ನು ಬರೆದಿಡಬೇಕು. ಗ್ಲಾಕೋಮಾ ಎಡಗಣ್ಣನ್ನು ಹೋದ ವರ್ಷವೇ ತೆಗೆದುಕೊಂಡಿತು. ಬಲಗಣ್ಣಿನಲ್ಲಿ ಉಳಿದಿರುವುದು ಬೀಗದ ಕಿಂಡಿಯಷ್ಟು. ಅದೂ ಬೇಸಿಗೆಯವರೆಗೆ ಇದ್ದರೆ ಪುಣ್ಯ. "ಘರ್‌ವಾಲೇ ಪಢ್ ದೇಂಗೇ" ಎಂದು ಬೆನ್ನು ತಟ್ಟಿದರು. ಮನೆಯವರು ಪೇಪರು ಓದಿ ಹೇಳಬಹುದು, ಬ್ಯಾಂಕಿನ ಕಾಗದ ಓದಿ ಹೇಳಬಹುದು. ನನ್ನ ಡೈರಿಯನ್ನು? ದಿಲ್ಲಿಗೆ ಬಂದ ೧೯೭೦ರಿಂದ ಒಂದು ವರ್ಷವೂ ಬಿಡದೆ ಬರೆದಿದ್ದೇನೆ. ಮೂವತ್ತೆಂಟು ಪುಸ್ತಕ. ಸರೋಜಿನಿ ನಗರದ ಕ್ವಾರ್ಟರ್ಸಿನಿಂದ ಈ ಫ್ಲಾಟಿಗೆ ಟ್ರಂಕಿನ ಸಮೇತ ಬಂದವು. ವಿಮಲಾ ಇವತ್ತಿನವರೆಗೆ ಒಂದನ್ನೂ ತೆರೆದವಳಲ್ಲ. ಮಗಳು ಮೈತ್ರೇಯಿ ದಿಲ್ಲಿಯಲ್ಲೇ ಹುಟ್ಟಿ ಬೆಳೆದವಳು, ಕನ್ನಡ ಕೇಳಿದರೆ ತಿಳಿಯುತ್ತದೆ, ಓದಲು ಬಾರದು. ಹಾಗಾಗಿ ಟ್ರಂಕಿಗೆ ನಾನು ಬೀಗವನ್ನೇ ಹಾಕಲಿಲ್ಲ.

ಬರೆದದ್ದನ್ನು ಇನ್ನೊಬ್ಬರ ಬಾಯಿಂದ ಕೇಳಿಸಿಕೊಳ್ಳಬೇಕಾದರೆ ಅದು ಡೈರಿಯಲ್ಲ, ಆಫೀಸಿನ ಸುತ್ತೋಲೆ. ಆ ದಿನ ಬಂದರೆ ಬರೆಯುವುದನ್ನು ನಿಲ್ಲಿಸುತ್ತೇನೆ.

ಜನವರಿ ೨೦, ಭಾನುವಾರ

ಮೈತ್ರೇಯಿ ಗುಡಗಾಂವದಿಂದ ತನ್ನ ಹಳೆಯ ಕಂಪ್ಯೂಟರನ್ನು ಟ್ಯಾಕ್ಸಿಯಲ್ಲಿ ಹಾಕಿಕೊಂಡು ಬಂದಳು. ಅವಳ ಹಿಂದೆಯೇ ಸಿಂಧೂರ ಎಂಬ ಹುಡುಗಿಯೂ ಬಂದಳು. ಹಾಸನದವಳು, ನೋಯ್ಡಾದಲ್ಲಿ ಕಂಪ್ಯೂಟರ್ ಕೆಲಸ, ಇಂದಿರಾಪುರಂನಲ್ಲಿ ವಾಸ. ಕನ್ನಡ ಸಂಘದ ಸಂಕ್ರಾಂತಿ ಊಟದಲ್ಲಿ ನನ್ನ ಪಕ್ಕದ ಎಲೆ ಅವಳದು. ಪಲ್ಯ ಯಾವುದು, ಉಪ್ಪಿನಕಾಯಿ ಯಾವುದು ಎಂದು ನಾನು ತಡಕಾಡುತ್ತಿದ್ದರೆ, ಅಯ್ಯೋ ಪಾಪ ಅನ್ನದೆ, "ಅಂಕಲ್, ನಿಮಗೆ ಟೈಪಿಂಗ್ ಬರುತ್ತಾ?" ಎಂದು ಕೇಳಿದ್ದಳು.

"ಒಂದೇ ಪೆಟ್ಟಿಗೆಗೆ ಎರಡು ಆಪರೇಟಿಂಗ್ ಸಿಸ್ಟಮ್ ಹಾಕ್ತೀನಿ" ಎಂದಳು. "ವಿಂಡೋಸ್ ಎಕ್ಸ್‌ಪಿ ಆಗ್ಲೇ ಇದೆ. ಪಕ್ಕದಲ್ಲಿ ಲಿನಕ್ಸ್ ಕೂರಿಸ್ತೀನಿ. ಆನ್ ಮಾಡಿದಾಗ ಯಾವುದು ಬೇಕು ಅಂತ ಅದೇ ಕೇಳುತ್ತೆ. ಎರಡೂ ಬಳಸಿ ನೋಡಿ ಅಂಕಲ್, ನಿಮಗೆ ಯಾವುದು ಒಗ್ಗುತ್ತೋ ಅದನ್ನ ಇಟ್ಕೊಳ್ಳಿ."

ಅಂದರೆ ಪೆಟ್ಟಿಗೆಯನ್ನು ನಡೆಸುವ ಯಜಮಾನ ಎಂದು ಅರ್ಥ ಮಾಡಿಕೊಂಡೆ. "ಒಂದು ಮನೆಗೆ ಇಬ್ಬರು ಯಜಮಾನರು" ಎಂದೆ. "ಇಲ್ಲಿ ಒಬ್ಬರೇ, ಅದೂ ಅವರಲ್ಲ" ಎಂದು ವಿಮಲಾ ಅಡುಗೆಮನೆಯಿಂದಲೇ ಸೇರಿಸಿದಳು.

ಖರೀದಿ ವಿಭಾಗದಲ್ಲಿ ಮೂವತ್ತಾರು ವರ್ಷ ಟೆಂಡರುಗಳ ತುಲನಾ ಪಟ್ಟಿ ಮಾಡಿದವನು ನಾನು. ಕಾಗದದ ಮಧ್ಯೆ ಗೆರೆ, ಎಡಕ್ಕೆ ಒಂದನೇ ಪಕ್ಷ, ಬಲಕ್ಕೆ ಎರಡನೇ ಪಕ್ಷ, ಯಾರ ಮೇಲೂ ಮಮತೆಯಿಲ್ಲ. ಇದಕ್ಕೂ ಹಾಗೆಯೇ ಪಟ್ಟಿ ಮಾಡುತ್ತೇನೆ. ಬೇಕಾದದ್ದು ಒಂದೇ ಒಂದು: ನಾನು ಬರೆಯಬೇಕು, ಬರೆದದ್ದು ನನಗೆ ಮಾತ್ರ ಮರಳಿ ಸಿಗಬೇಕು.

ಆದರೆ ಮೊದಲ ದಿನವೇ ಬೆರಗಾಗಿ ಕೂತೆ. ಸಿಂಧೂರ ಒಂದು ಸಿ.ಡಿ. ಹಾಕಿದಳು. ಒಳಗೆ ಏನನ್ನೂ ಬರೆಯದೆ, ಆ ಸಿ.ಡಿ.ಯಿಂದಲೇ ಇಡೀ ಲಿನಕ್ಸ್ ಎದ್ದು ನಿಂತಿತು. ತೆಗೆದು ಮತ್ತೆ ಶುರು ಮಾಡಿದರೆ ವಿಂಡೋಸ್ ಏನೂ ಆಗಿಲ್ಲವೆಂಬಂತೆ ಬಂದು ಕೂತಿತು. ಭೂತಗನ್ನಡಿ ಹಿಡಿದು ಲಿನಕ್ಸಿನ ಮೆನು ನೋಡಿದೆ. ‘ಕಡತ’ ಎಂದಿತ್ತು. ಕಡತ! ಬದುಕೆಲ್ಲ ಅದನ್ನೇ ಹೊತ್ತವನಿಗೆ ಕಂಪ್ಯೂಟರಿನೊಳಗೂ ಅದೇ ಎದುರಾಯಿತು. ವಿಂಡೋಸಿಗೂ ಕನ್ನಡದ ಮೆನು ಹಾಕಿಸಬಹುದಂತೆ. ಆದರೆ ಇದನ್ನು ಕನ್ನಡ ಮಾಡಿದವರಿಗೆ ಸಂಬಳ ಯಾರು ಕೊಡುತ್ತಾರೆ ಎಂದು ಕೇಳಿದರೆ, "ಯಾರೂ ಇಲ್ಲ, ಆಫೀಸ್ ಮುಗಿಸಿ ಬಂದು ಮಾಡ್ತಾರೆ" ಎಂದಳು.

"ಟೆಂಡರ್?"

"ಇಲ್ಲ ಅಂಕಲ್."

"ವರ್ಕ್ ಆರ್ಡರ್?"

ಅವಳು ನಕ್ಕಳು. ನನಗೆ ನಗು ಬರಲಿಲ್ಲ. ಆದೇಶವಿಲ್ಲದೆ ಒಂದು ಪೆನ್ಸಿಲ್ ಕೂಡ ಮೇಜಿಗೆ ಬಂದದ್ದನ್ನು ನಾನು ಕಂಡಿಲ್ಲ.

ಫೆಬ್ರವರಿ ೩, ಭಾನುವಾರ

ಇವತ್ತಿನಿಂದ ಡೈರಿ ಕಂಪ್ಯೂಟರಿನಲ್ಲಿ. ಸದ್ಯ ಒಂದನೇ ಪಕ್ಷವಾದ ವಿಂಡೋಸಿನಲ್ಲೇ ಬರೆಯುತ್ತಿದ್ದೇನೆ. ಇದರ ಭೂತಗನ್ನಡಿ ಚೆನ್ನಾಗಿದೆ. ಕಪ್ಪು ಹಿನ್ನೆಲೆಯ ಮೇಲೆ ಹಳದಿ ಅಕ್ಷರ, ಒಂದೊಂದೂ ಪೂರಿಯಷ್ಟು ದೊಡ್ಡದು. ಕನ್ನಡ ಸಂಘದ ಕಾರ್ಯದರ್ಶಿ ತರಿಸಿಕೊಟ್ಟ ಸಿ.ಡಿ.ಯಲ್ಲಿದ್ದ ಕನ್ನಡ ಫಾಂಟನ್ನು ನಾನೇ ಹಾಕಿಕೊಂಡೆ. ಸಂಘದ ಆಹ್ವಾನಪತ್ರಿಕೆಯೆಲ್ಲ ಅದರಲ್ಲೇ ಅಚ್ಚಾಗುವುದು. ಸಿಂಧೂರಳನ್ನು ಇಷ್ಟಕ್ಕೆಲ್ಲ ಇಂದಿರಾಪುರಂನಿಂದ ಬಸ್ಸು, ಮೆಟ್ರೊ ಹಿಡಿಸಿ ಕರೆಸುವುದೇಕೆ?

ಗುಮಾಸ್ತನಾಗಿ ಸೇರಿದಾಗ ಇಂಗ್ಲಿಷ್ ಟೈಪಿಂಗ್ ಪರೀಕ್ಷೆ ಪಾಸು ಮಾಡಿದ್ದೆ. ಬೆರಳುಗಳಿಗೆ ಎಲ್ಲವೂ ನೆನಪಿದೆ. ಕೆ ಒತ್ತಿದರೆ ಕ, ಜಿ ಒತ್ತಿದರೆ ಗ. ಎಫ್ ಮತ್ತು ಜೆ ಕೀಲಿಗಳ ಮೇಲೆ ಒಂದೊಂದು ಸಣ್ಣ ಗುಬುಟಿದೆ. ಬೆರಳು ಎಲ್ಲಿದೆಯೆಂದು ತಿಳಿಯಲಿಕ್ಕೆ ಯಾರೋ ಪುಣ್ಯಾತ್ಮರು ಇಟ್ಟದ್ದು. ಆಫೀಸಿನಲ್ಲಿ ಹತ್ತು ವರ್ಷ ಕಂಪ್ಯೂಟರ್ ಎದುರು ಕೂತಿದ್ದರೂ ಅದು ನನಗೆ ಕಂಡಿರಲಿಲ್ಲ. ಇವತ್ತು ಸುಮ್ಮನೆ ಎಷ್ಟೋ ಹೊತ್ತು ಅದನ್ನೇ ಸವರುತ್ತಾ ಕೂತಿದ್ದೆ.

ಫೆಬ್ರವರಿ ೧೨, ಮಂಗಳವಾರ

ಮೈತ್ರೇಯಿಯ ಫೋನು. "ಪಾಪಾ, ಟೇಪ್ ರೆಕಾರ್ಡರ್ ಲೇ ಲೋ ನಾ. ಯಾಕೆ ಇಷ್ಟು ಕಷ್ಟ ಪಟ್ಟು ಬರೀತೀರಾ? ಬಸ್ ಬೋಲ್ ದೋ." ಸಿಟ್ಟು ಬಂತು, ಫೋನು ವಿಮಲಾಳ ಕೈಗೆ ಕೊಟ್ಟೆ. ಡೈರಿಯನ್ನು ಜೋರಾಗಿ ಹೇಳುತ್ತಾರೆಯೇ? ಅಕ್ಷರವಿಲ್ಲದವಳಿಗೆ ಅದು ಹೇಗೆ ತಿಳಿದೀತು ಎಂದುಕೊಂಡೆ. ಹಾಗೆ ಅಂದುಕೊಂಡದ್ದೇ ನನ್ನನ್ನು ಕುಟುಕಿತು.

ಯಾರ ಕಣ್ಣಿಗೂ ಬೀಳದ ಈ ಜಾಗದಲ್ಲಿ ಒಪ್ಪಿಕೊಳ್ಳುತ್ತೇನೆ. ಮೈತ್ರೇಯಿಗೆ ನಾನು ಅಕ್ಷರ ಕಲಿಸಲಿಲ್ಲ. ವಿಮಲಾ ಎರಡು ಸಲ ಸ್ಲೇಟು ತಂದಳು. ಭಾನುವಾರ ನೋಡೋಣ, ಬೇಸಿಗೆ ರಜೆಯಲ್ಲಿ ನೋಡೋಣ ಎಂದೆ. ಕೆಲಸದ ನೆಪ ಹೇಳಿದೆ. ನಿಜ ಬೇರೆಯೇ ಇತ್ತು. ಈ ಮನೆಯಲ್ಲಿ ನನ್ನ ಡೈರಿ ಓದಲಾರದವಳು ಒಬ್ಬಳಾದರೂ ಇದ್ದಾಳೆ ಎಂಬುದು ನನಗೆ ಅನುಕೂಲವಾಗಿತ್ತು. ಮಗಳಿಗೆ ಭಾಷೆ ತಪ್ಪಿಸಿ ನನ್ನ ಗುಟ್ಟು ಕಾಪಾಡಿಕೊಂಡೆ. ಈಗ ನನ್ನ ಕಣ್ಣೂ ಮುಚ್ಚುತ್ತಿದೆ. ಅವಳ ಹಾಗೆ ನಾನೂ ಕನ್ನಡವನ್ನು ಕಿವಿಯಲ್ಲಿ ಮಾತ್ರ ಇಟ್ಟುಕೊಂಡವನಾಗುತ್ತೇನೆ. ಹೆದರಿಕೆಯಾಗುತ್ತಿದೆ. ಮನೆಯಲ್ಲಿ ಹೇಳಿಲ್ಲ.

ಫೆಬ್ರವರಿ ೧೯, ಮಂಗಳವಾರ

ಪೂರಿಯಷ್ಟಿದ್ದ ಅಕ್ಷರವನ್ನು ತಟ್ಟೆಯಷ್ಟು ಮಾಡಿಕೊಂಡೆ. ಪರದೆಯ ಮೇಲೆ ಒಂದು ಸಲಕ್ಕೆ ಎರಡೇ ಅಕ್ಷರ. ಎರಡನೆಯದನ್ನು ಓದುವಾಗ ಮೊದಲನೆಯದು ಮರೆತುಹೋಗುತ್ತದೆ.

ಫೆಬ್ರವರಿ ೨೪, ಭಾನುವಾರ

ಇವತ್ತು ಓದುವ ಪರೀಕ್ಷೆ. ಸಿಂಧೂರ ವಿಂಡೋಸಿಗೆ ಪರದೆಯನ್ನು ಓದಿ ಹೇಳುವ ಒಂದು ತಂತ್ರಾಂಶ ತಂದಿದ್ದಳು. ಪರೀಕ್ಷೆಗೆಂದು ಕೊಡುವ ಆವೃತ್ತಿ, ನಲವತ್ತು ನಿಮಿಷ ನಡೆದು ನಿಲ್ಲುತ್ತದೆ. ಹಾಕಿದ್ದೇ ತಡ, ಇಂಗ್ಲಿಷಿನಲ್ಲಿ ಒಂದೊಂದು ಗುಂಡಿಯ ಹೆಸರನ್ನೂ ಹೇಳತೊಡಗಿತು. ಎಷ್ಟು ನಯ, ಎಷ್ಟು ಚುರುಕು! ನಾನು ಕಣ್ಣು ಮುಚ್ಚಿಕೊಂಡೇ ಒಂದು ಇಂಗ್ಲಿಷ್ ಕಾಗದ ಟೈಪು ಮಾಡಿ, ಉಳಿಸಿ, ಪ್ರಿಂಟು ತೆಗೆದೆ. ಮೈಯೆಲ್ಲ ಜುಮ್ಮೆಂದಿತು.

ಆಮೇಲೆ ಡೈರಿ ತೆರೆದೆ. ಅದು ಬಡಬಡಿಸಿದ್ದಕ್ಕೆ ತಲೆಬುಡವಿಲ್ಲ. ಪಿ, ಎ, ಪೌಂಡ್ ಗುರುತು, ಮತ್ತೆ ಎ. ಒಂದನೇ ಪಕ್ಷ ಫೇಲು ಎಂದು ಲಿನಕ್ಸಿಗೆ ಹೋದೆವು. ಅಲ್ಲಿ ಎಫ್-ನೈನ್ ಕೀಲಿ ಒತ್ತಿದರೆ ಬರೆದದ್ದನ್ನು ಕನ್ನಡದಲ್ಲಿ ಓದುವಂತೆ ಸಿಂಧೂರ ಮಾಡಿಟ್ಟಿದ್ದಳು. ಒತ್ತಿದೆ. ಅದೂ ಅದನ್ನೇ ತೊದಲಿತು. ಎರಡೂ ಪಕ್ಷಗಳು ಅನರ್ಹ.

ಸಿಂಧೂರ ಪರದೆಗೆ ಬಾಗಿ ನೋಡಿ, "ಅಂಕಲ್, ಈ ಫಾಂಟ್ ಯಾವಾಗ ಹಾಕಿದ್ರಿ?" ಎಂದು ಮೆಲ್ಲಗೆ ಕೇಳಿದಳು. ತಪ್ಪು ಯಾವ ಪಕ್ಷದ್ದೂ ಅಲ್ಲ, ನನ್ನದು. "ಇದು ಹಳೇ ಕಾಲದ ಫಾಂಟ್. ಒಳಗಡೆ ಇರೋದೆಲ್ಲ ಇಂಗ್ಲಿಷ್ ಗುರುತು. ಅದರ ಮೇಲೆ ಕನ್ನಡದ ಚಿತ್ರ ಅಂಟಿಸಿರ್ತಾರೆ. ಅಚ್ಚಿಗೆ ಸಾಕು, ನೋಡೋರಿಗೆ ಕನ್ನಡ. ಆದ್ರೆ ಮಿಷಿನ್‌ಗೆ ಕಣ್ಣಿಲ್ವಲ್ಲ ಅಂಕಲ್, ಅದಕ್ಕೆ ಒಳಗಿರೋದೇ ಸಿಗೋದು."

"ಅಂದರೆ ಕಣ್ಣಿಗೆ ಮಾತ್ರ ಕನ್ನಡ" ಎಂದೆ. ಯೂನಿಕೋಡ್ ಎಂದೊಂದಿದೆಯಂತೆ, ಅದರಲ್ಲಿ ಕ ಎಂದರೆ ಕ-ವೇ, ಯಾವ ಯಂತ್ರಕ್ಕೆ ಹೋದರೂ. ಮೂರು ವಾರ ನಾನು ಬರೆದದ್ದು ಅದರಲ್ಲಿಲ್ಲ. ಕಣ್ಣಿದ್ದ ಕೊನೆಯ ಮೂರು ವಾರ. ಸಿಂಧೂರ ಕಡತವನ್ನು ಪೆನ್ ಡ್ರೈವಿಗೆ ಹಾಕಿಕೊಂಡು ಹೋಗಿದ್ದಾಳೆ. ಬೇಡ ಎನ್ನಬೇಕಿತ್ತು, ಅದರಲ್ಲಿ ಹನ್ನೆರಡನೇ ತಾರೀಖಿದೆ.

ಫೆಬ್ರವರಿ ೨೭, ಬುಧವಾರ

ಸ್ಕೆಚ್ ಪೆನ್ನು ಹಿಡಿದೆ. ಒಂದು ಸಾಲಿನ ಮೇಲೆಯೇ ಇನ್ನೊಂದು ಸಾಲು ಬರೆದಿದ್ದೀರಿ ಎಂದಳು ವಿಮಲಾ. ಓದಬೇಡ ಎಂದು ರೇಗಿದೆ.

ಮಾರ್ಚ್ ೯, ಭಾನುವಾರ

ಎಲ್ಲಿಂದ ಶುರು ಮಾಡಲಿ!

ಸಿಂಧೂರ ಹನ್ನೊಂದಕ್ಕೆ ಬಂದಳು. ಎರಡು ವಾರ ಊಟದ ಬಿಡುವಿನಲ್ಲಿ ಕೂತು, ಯಾವ ಇಂಗ್ಲಿಷ್ ಗುರುತಿಗೆ ಯಾವ ಕನ್ನಡ ಅಕ್ಷರ ಎಂದು ಒಂದು ಪ್ರೋಗ್ರಾಮಿಗೆ ಹೇಳಿಕೊಟ್ಟಿದ್ದಾಳೆ. ನನ್ನ ಮುಖ ನೋಡಿಯೇ ತಿಳಿಯಿತೇನೋ, "ನಾನು ಓದಿಲ್ಲ ಅಂಕಲ್. ಮೊದಲನೇ ಸಾಲು ಸರಿ ಬಂತಾ ಅಂತ ನೋಡಿದೆ, ಅಷ್ಟೇ. ಪ್ರಾಮಿಸ್" ಎಂದಳು. ಫೆಬ್ರವರಿಯ ಡೈರಿ ಪೂರಾ ಈಗ ಯೂನಿಕೋಡಿನಲ್ಲಿದೆ.

ಮೊದಲು ವಿಂಡೋಸ್. ಇಂಗ್ಲಿಷ್ ಬಂದಲ್ಲೆಲ್ಲ ಲೀಲಾಜಾಲ. ಕನ್ನಡ ಬಂದ ಕಡೆ ಗಪ್‌ಚುಪ್, ಅಕ್ಷರವೇ ಇಲ್ಲವೆಂಬಂತೆ ದಾಟಿಹೋಯಿತು. ಅವಳಿಗೆ ಸಿಕ್ಕ ತಂತ್ರಾಂಶದಲ್ಲಿ ಕನ್ನಡದ ದನಿಯೇ ಇರಲಿಲ್ಲ. ಆಮೇಲೆ ಲಿನಕ್ಸ್. ಹೋದ ಸಲ ತೊದಲಾದರೂ ತೊದಲಿದ್ದು, ಇವತ್ತು ಸದ್ದೇ ಹೊರಡಲಿಲ್ಲ. ಕಪ್ಪು ಪರದೆಯಲ್ಲಿ ಏನೇನೋ ಟೈಪು ಮಾಡಿದಳು, ಸ್ಪೀಕರ್ ಕಳಚಿ ಹಾಕಿದಳು. ಪ್ರಿಂಟರು ಕೈಕೊಟ್ಟಿತು. ನಾವು ಊಟ ಮಾಡಿದೆವು, ಅವಳು ತಟ್ಟೆಯನ್ನು ಕಂಪ್ಯೂಟರ್ ಪಕ್ಕ ಇಟ್ಟುಕೊಂಡಳು. ಮೂರು ಗಂಟೆಗೆ, "ಅಂಕಲ್, ಎಫ್-ನೈನ್ ಒತ್ತಿ ನೋಡೋಣ" ಎಂದಳು.

ಒತ್ತಿದೆ. ಒಂದು ಗಂಡು ದನಿ, ಮೂಗು ಕಟ್ಟಿದವನ ಹಾಗೆ, ಒಂದೊಂದು ಅಕ್ಷರವನ್ನೂ ಎತ್ತಿಡುತ್ತಾ ಹೇಳಿತು: "ಇವತ್ತಿನಿಂದ ಡೈರಿ ಕಂಪ್ಯೂಟರಿನಲ್ಲಿ."

ನಾನು ಎದ್ದು ನಿಂತೆ. ಯಾಕೆ ನಿಂತೆನೋ ಗೊತ್ತಿಲ್ಲ. ನಾನು ಬರೆದದ್ದು ನನಗೆ ಬಂದು ಸೇರಿತು. ನಡುವೆ ಯಾವ ಮನುಷ್ಯನೂ ಇಲ್ಲ. ಅಂದರೆ ಇದ್ದಾರೆ. ಯಾರೋ ಎಲ್ಲಿಯೋ ಕೂತು, ಕ ಕಾ ಕಿ ಕೀ ಎಂದು ತಮ್ಮ ಬಾಯಿಂದಲೇ ಹೇಳಿ, ಅದನ್ನು ಚೂರು ಚೂರು ಮಾಡಿ ಪೋಣಿಸಿದ್ದಾರಂತೆ. ನನ್ನಂಥವನು ಒಬ್ಬನಿದ್ದಾನೆಂದು ಅವರಿಗೆ ಗೊತ್ತೇ? ಕಣ್ಣಲ್ಲಿ ನೀರು ಬಂತು. ಈ ಕಣ್ಣಿಗೆ ಇನ್ನೂ ಆ ಕೆಲಸವಾದರೂ ಬರುತ್ತದೆ.

ವಿಮಲಾ ಕೈ ಒರೆಸಿಕೊಳ್ಳುತ್ತಾ ಬಂದು, "ಯಾರ್ ರೀ ಬಂದಿದ್ದು? ನೆಗಡಿ ಜೋರಾಗಿದೆ ಪಾಪ, ಕಷಾಯ ಮಾಡ್ಲಾ?" ಎಂದಳು. ಸಿಂಧೂರ ನಗುತ್ತಾ ನಗುತ್ತಾ ನೆಲದ ಮೇಲೇ ಕೂತುಬಿಟ್ಟಳು. ಹೋಗುವಾಗ ಬ್ಯಾಗಿನಿಂದ ಹೆಡ್‌ಫೋನ್ ತೆಗೆದು ನನ್ನ ಕಿವಿಗೆ ಹಾಕಿ, "ಇನ್ಮೇಲೆ ನಿಮಗೆ ಮಾತ್ರ" ಎಂದಳು.

ತುಲನಾ ಪಟ್ಟಿ. ಒಂದನೇ ಪಕ್ಷ: ಹೇಳಿದ ಕೆಲಸ ತಕ್ಷಣ, ಪ್ರಿಂಟರು ಸಲೀಸು, ದನಿ ಬೆಣ್ಣೆ. ಎರಡನೇ ಪಕ್ಷ: ಮೊಂಡ, ಮೂರು ಗಂಟೆ ಸತಾಯಿಸಿತು, ಪ್ರಿಂಟರು ಇನ್ನೂ ಇಲ್ಲ, ದನಿಗೆ ನೆಗಡಿ. ಶಿಫಾರಸು: ಎರಡನೇ ಪಕ್ಷ.

ಮಾರ್ಚ್ ೨೨, ಶನಿವಾರ, ಹೋಳಿ

ಬೆಳಿಗ್ಗೆಯಿಂದ ಕೆಳಗೆ ಮಕ್ಕಳ ಗಲಾಟೆ. ನೀರಿನ ಬಲೂನು ಕಾರಿನ ಮೇಲೆ ಬಿದ್ದರೆ ಒಂದು ಸದ್ದು, ಮನುಷ್ಯನ ಬೆನ್ನಿಗೆ ಬಿದ್ದರೆ ಇನ್ನೊಂದು. ಮೈತ್ರೇಯಿ ಬಂದು ನನ್ನ ಕೆನ್ನೆಗೆ ಬಣ್ಣ ಹಚ್ಚಿದಳು. ತಣ್ಣಗಿತ್ತು, ಗುಲಾಬಿಯ ವಾಸನೆ. ಅವಳ ಬಳೆ ಕಿವಿಯ ಪಕ್ಕ ಗಿಲಕ್ಕೆಂದಿತು. ಗುಜಿಯಾ, ಅಂದರೆ ಇಲ್ಲಿಯವರ ಕರ್ಜಿಕಾಯಿ, ಚೆನ್ನಾಗಿತ್ತು, ಮೂರು ತಿಂದೆ.

ಏಪ್ರಿಲ್ ೮, ಮಂಗಳವಾರ

ಎರಡು ಪುಟ ಬರೆದು ಎದ್ದೆ. ವಿಮಲಾ ಬಂದು, "ಮಾನಿಟರಿಗೆ ಧೂಳು ಬೀಳದಂತೆ ಪ್ಲಾಸ್ಟಿಕ್ ಕವರ್ ಹೊದಿಸಿದ್ದೆ. ಶನಿವಾರದಿಂದ ನೀವದ್ನ ತೆಗೆದೇ ಇಲ್ಲ" ಎಂದಳು. ದನಿ ಒಂದು ಥರ ಇತ್ತು. ಬೇಸಿಗೆಯ ಬಿಸಿಗಾಳಿ ಶುರುವಾಗುತ್ತದೆ, ಧೂಳು ಜಾಸ್ತಿ, ಇರಲಿ ಬಿಡು ಎಂದೆ.

ಏಪ್ರಿಲ್ ೨೦, ಭಾನುವಾರ

ಆಗಬಾರದ್ದು ಆಯಿತು.

ಬೆಳಿಗ್ಗೆ ಹೆಡ್‌ಫೋನ್ ಹಾಕಿಕೊಂಡು ಫೆಬ್ರವರಿಯ ಪುಟಗಳನ್ನು ಕೇಳುತ್ತಿದ್ದೆ. ವಿಮಲಾ ಗುಡಿಸುವಾಗ ಪೊರಕೆಗೆ ಸಿಕ್ಕು ಅದರ ಪಿನ್ನು ಕಳಚಿದ್ದು ನನಗೆ ತಿಳಿಯಲಿಲ್ಲ. ದನಿ ಯಾಕೋ ದೂರವಾಯಿತಲ್ಲ ಎಂದು ವಾಲ್ಯೂಮ್ ಪೂರ್ತಿ ಏರಿಸಿದೆ. ಸ್ಪೀಕರಿನಲ್ಲಿ ಇಡೀ ಮನೆಗೆ, ಬಾಲ್ಕನಿಗೆ, ಕೆಳಗೆ ನಿಂತ ತರಕಾರಿ ಭಯ್ಯಾನಿಗೂ ಕೇಳುವ ಹಾಗೆ ಹನ್ನೆರಡನೇ ತಾರೀಖು ಓದಿಸಿದೆ. "ಮಗಳಿಗೆ ಭಾಷೆ ತಪ್ಪಿಸಿ ನನ್ನ ಗುಟ್ಟು ಕಾಪಾಡಿಕೊಂಡೆ." ಮುಗಿದ ಮೇಲೆ ಹೆಡ್‌ಫೋನ್ ತೆಗೆದರೆ ಪಕ್ಕದಲ್ಲಿ ಯಾರೋ ಉಸಿರಾಡುತ್ತಿದ್ದಾರೆ. ಮೈತ್ರೇಯಿ. ನಾಷ್ಟಾದ ಹೊತ್ತಿಗೆಂದು ಗುಡಗಾಂವದಿಂದ ಬಂದಿದ್ದಳು.

"ಪಾಪಾ, ಯೇ ಆಪ್‌ನೇ ಲಿಖಾ ಹೈ?"

ಬರೆದದ್ದು ನಾನೇ ಎನ್ನುವ ಬದಲು ಪೊರಕೆಯನ್ನು ಬೈದೆ, ವಿಮಲಾಳನ್ನು ಬೈದೆ, ಈ ಪೆಟ್ಟಿಗೆಯನ್ನು ಇವತ್ತೇ ಗುಜರಿಗೆ ಹಾಕುತ್ತೇನೆ ಎಂದೆ. ಅವಳು ನನ್ನ ಕೂಗಾಟ ಮುಗಿಯುವವರೆಗೂ ಕಾದಳು.

"ನಂಗೆ ಎಲ್ಲಾ ಅರ್ಥ ಆಯ್ತು" ಎಂದಳು. "ಏಕ್ ಏಕ್ ವರ್ಡ್. ಟೆಂತ್‌ನಲ್ಲಿ ಇದ್ದಾಗ ಒಂದ್ಸಲ ನಿಮ್ಮ ಟ್ರಂಕ್ ತೆಗ್ದಿದ್ದೆ, ಚೋರೀ ಸೇ. ಪಾಪಾ ರೋಜ್ ಏನ್ ಬರೀತಾರೆ ಅಂತ ನಂಗೆ ನೋಡ್ಬೇಕಿತ್ತು. ಪೂರಾ ದೋಪಹರ್ ಕೂತಿದ್ದೆ. ಬರೀ ಗೋಲ್ ಗೋಲ್ ಕಾಣಿಸ್ತು. ಒಂದು ವರ್ಡ್ ಕೂಡ ಬರ್ಲಿಲ್ಲ. ತುಂಬಾ ಅತ್ತೆ, ಮಮ್ಮಿಗೂ ಹೇಳಿಲ್ಲ."

ನನ್ನ ಡೈರಿಯಲ್ಲಿ ಆ ಮಧ್ಯಾಹ್ನ ಇಲ್ಲ. ಇರಲು ಸಾಧ್ಯವೂ ಇಲ್ಲ, ನಾನು ಆಫೀಸಿನಲ್ಲಿದ್ದೆ. ನನ್ನ ಅಕ್ಷರ ಅವಳ ಕಣ್ಣಿಗೆ ಮಾತ್ರ ಸಿಕ್ಕಿತು, ಅದರ ಮಾತು ಸಿಗಲಿಲ್ಲ. ನಾಚಿಕೆಯಾಯಿತು. ಉಪ್ಪಿಟ್ಟು ತಿಂದೆ. ಆರಿಹೋಗಿತ್ತು.

ಏಪ್ರಿಲ್ ೨೨, ಮಂಗಳವಾರ

ಹೆಡ್‌ಫೋನನ್ನು ವಿಮಲಾ ಎಲ್ಲಿಟ್ಟಿದ್ದಾಳೋ ಗೊತ್ತಿಲ್ಲ. ಕೇಳಲಿಲ್ಲ. ಹೋದ ವರ್ಷದ ಮಾವಿನ ಸುಗ್ಗಿ ನೆನೆದು ಬರೆದ ನಿನ್ನೆಯ ಪುಟವನ್ನು ಸ್ಪೀಕರಿನಲ್ಲೇ ಓದಿಸಿದೆ. ಅಡುಗೆಮನೆಯಲ್ಲಿ ಬೀನ್ಸ್ ಕತ್ತರಿಸುವ ಸದ್ದು ನಿಂತಿತು, ಓದು ಮುಗಿದ ಮೇಲೆ ಮತ್ತೆ ಶುರುವಾಯಿತು. "ಜೂನ್‌ನಲ್ಲಿ ಮಾವಿನಹಣ್ಣು ತಂದಿದ್ದು ನೀವಲ್ಲ, ನಾನು" ಎಂದು ಅಲ್ಲಿಂದಲೇ ತಿದ್ದಿದಳು. ತಿದ್ದಿಕೊಂಡೆ.

ಮೇ ೪, ಭಾನುವಾರ

ಮೈತ್ರೇಯಿ ಬಂದವಳೇ ಟ್ರಂಕನ್ನು ಹಾಲಿಗೆ ಎಳೆದಳು. "ಪಾಪಾ, ನಾನು ಹುಟ್ಟಿದ ದಿನದ್ದು ಕೇಳ್ಬೇಕು."

ಆ ದಿನ ಏನು ಬರೆದಿದ್ದೆನೋ ನನಗೆ ನೆನಪಿಲ್ಲ. ಯಂತ್ರಕ್ಕೆ ನನ್ನ ಕೈಬರಹ ಓದಲು ಬಾರದು, ಅದನ್ನು ಯಾರಾದರೂ ಓದಿದರೆ ನಾನು ಟೈಪು ಮಾಡಬೇಕು. ವಿಮಲಾ ಕನ್ನಡಕ ಹುಡುಕಿಕೊಂಡು ಬಂದು ಕೂತಳು. ೧೯೭೯ರ ಪುಸ್ತಕದ ಹಾಳೆಗಳು ಒಣಗಿ ಸಣ್ಣಗೆ ಚಿಟಿಚಿಟಿ ಎಂದವು. ಅವಳು ಒಂದೊಂದೇ ಸಾಲು ಓದಿದಳು, ನಾನು ಒತ್ತುತ್ತಾ ಹೋದೆ. ಅರ್ಧಕ್ಕೆ ಬಂದಾಗ ಅವಳ ದನಿ ನಿಂತಿತು. ಕನ್ನಡಕ ಒರೆಸಿಕೊಂಡು ಮುಂದುವರಿಸಿದಳು.

"ಅಮ್ಮ ಓದಿದ್ದು ಕೇಳಿದೆಯಲ್ಲ, ಇನ್ನು ಯಂತ್ರ ಯಾಕೆ?" ಎಂದೆ.

"ಅವರು ಅಳ್ತಾ ಓದಿದ್ರು. ಇದು ಸೀದಾ ಓದುತ್ತೆ."

ಎಫ್-ನೈನ್ ಒತ್ತಿದೆ. ಹಳೆಯ ನೆಗಡಿಯ ದನಿ ಎತ್ತಿಕೊಂಡಿತು:

"ಜುಲೈ ಹನ್ನೊಂದು. ಮಧ್ಯಾಹ್ನ ಎರಡೂಕಾಲಿಗೆ ಹೆಣ್ಣು ಮಗು. ವಿಮಲಾ ಕ್ಷೇಮ. ಎರಡು ಟೆಂಡರ್ ಕಡತ ಬಾಕಿ ಇದ್ದವು, ಆಫೀಸಿಗೆ ಹೋಗಲಿಲ್ಲ. ನರ್ಸು ಮಗುವನ್ನು ಕೈಗೆ ಕೊಟ್ಟು ಹೊರಟುಹೋದಳು. ನಾನೂ ಮಗುವೂ ಇಬ್ಬರೇ. ಅಳುತ್ತಿತ್ತು. ಏನು ಮಾತಾಡಿಸಬೇಕೆಂದು ಹೊಳೆಯದೆ ಅ ಆ ಇ ಈ ಹೇಳಿದೆ. ಸುಮ್ಮನಾಗಿ ಕೇಳಿತು. ನಿಲ್ಲಿಸಿದರೆ ಅಳುತ್ತಿತ್ತು. ಮೂರು ಸಲ ಪೂರ್ತಿ ಳ-ವರೆಗೆ ಹೇಳಿದೆ. ನಾಲ್ಕನೇ ಸಲ ಚ ಬರುವಷ್ಟರಲ್ಲಿ ನಿದ್ದೆ ಹೋಯಿತು."

ಫ್ಯಾನಿನ ಸದ್ದು. ಮೈತ್ರೇಯಿಯ ಕೈ ನನ್ನ ಕೈಯ ಮೇಲಿಂದ ಬಂದು ಕೀಲಿಮಣೆಯನ್ನು ತಡಕಿತು. ಅಲ್ಲಿ ಇಲ್ಲಿ ಒತ್ತಿತು.

"ಪಾಪಾ, ಎಫ್-ನೈನ್ ಕಹಾಂ ಹೈ? ಕಾಣಿಸ್ತಿಲ್ಲ."

ಅವಳ ಮೂಗೂ ಕಟ್ಟಿತ್ತು. ಅವಳ ಬೆರಳು ಹಿಡಿದು ಕೀಲಿಯ ಮೇಲಿಟ್ಟೆ. ದನಿ ಮತ್ತೆ ಮೊದಲಿನಿಂದ ಶುರು ಮಾಡಿತು.